ಗೇರ್‌ಬಾಕ್ಸಿಗೆ ವಾರಂಟಿ ಉಂಟು

ಕುವೈತಿನಲ್ಲಿ ಕಾರು ಕೆಟ್ಟರೆ ರೋಗ ಏನೆಂದು ಮೊದಲು ಹೇಳುವವನು ಮೆಕ್ಯಾನಿಕ್ ಅಲ್ಲ, ಶುಕ್ರವಾರ ಊಟಕ್ಕೆ ಬಂದ ಗೆಳೆಯ. ಸಾರಿಗೆ ಎರಡನೇ ಸಲ ಅನ್ನ ಕಲಸುತ್ತಾ, "ಎರಡರಿಂದ ಮೂರಕ್ಕೆ ಬೀಳುವಾಗ ಜಗ್ತಾ ಇದೆಯಾ? ಗೇರ್‌ಬಾಕ್ಸ್ ಮುಗೀತು ಬಿಡಿ" ಅಂದುಬಿಡುತ್ತಾನೆ. ಪಕ್ಕದಲ್ಲಿ ಕೂತವರು, "ಅಬ್ಬಾಸಿಯಾದಲ್ಲಿ ನನಗೊಬ್ಬ ಮಲಯಾಳಿ ಗೊತ್ತು" ಎನ್ನುತ್ತಾರೆ. ಇಲ್ಲಿ ಎಲ್ಲರಿಗೂ ಒಬ್ಬೊಬ್ಬ ಮಲಯಾಳಿ ಗೊತ್ತು.

ನನ್ನ ಕಾರಿನ ವಿಷಯದಲ್ಲಿ ಗೆಳೆಯ ಹೇಳಿದ ಮಾತನ್ನೇ ದೊಡ್ಡ ವರ್ಕ್‌ಶಾಪಿನವರು ಏಸಿ ಕೋಣೆಯಲ್ಲಿ ಕೂರಿಸಿ, ಕಾಗದದ ಮೇಲೆ ಅಚ್ಚು ಹಾಕಿ ಹೇಳಿದರು. ಗೇರ್‌ಬಾಕ್ಸ್ ಪೂರ್ತಿ ಬದಲಿಸಬೇಕು, 650 ದಿನಾರು. ಕಾರನ್ನೇ ಮಾರಿದರೆ 900 ಸಿಕ್ಕೀತು. ಲೀಟರಿಗೆ 85 ಫಿಲ್ಸ್ ಕೊಟ್ಟು ಪೆಟ್ರೋಲ್ ಹಾಕಿಸುತ್ತಾ, ಕಾರು ಇಡುವುದೆಂದರೆ ಖರ್ಚೇ ಅಲ್ಲ ಅಂದುಕೊಂಡಿದ್ದ ಮನೆಯಲ್ಲಿ ಆ ರಾತ್ರಿ ಯಾರೂ ಹೆಚ್ಚು ಮಾತಾಡಲಿಲ್ಲ. ಕಾರಿಲ್ಲದೆ ಇರೋಣವೆಂದರೆ, 2016ರ ಜುಲೈಯಲ್ಲಿ ಮಿತ್ರಿಬಾದಲ್ಲಿ 53.9 ಡಿಗ್ರಿ ಬಿಸಿಲು ದಾಖಲಾದ ದೇಶ ಇದು. ಬಸ್ ಸ್ಟಾಪಿನ ತನಕ ನಡೆಯುವುದೇ ಒಂದು ವ್ರತ.

"ಎರಡು ವರ್ಷ ವಾರಂಟಿ ಕೊಡ್ತಾರಂತೆ" ಅಂದೆ.

"ನಿಮ್ಮ ಇಕಾಮಾ ಇನ್ನೆಷ್ಟು ದಿನ ಇದೆ?" ಅಂದಳು ಹೆಂಡತಿ.

ಇಲ್ಲಿರಲು ಕೊಡುವ ಆ ಪರವಾನಗಿ ಮುಗಿಯಲು ಒಂದು ವರ್ಷಕ್ಕೂ ಕಮ್ಮಿ. ಈ ದೇಶದಲ್ಲಿ ನನಗಿಂತ ಹೆಚ್ಚು ಭದ್ರತೆ ನನ್ನ ಗೇರ್‌ಬಾಕ್ಸಿಗೆ! ಹೊಸ ಸೋಫಾ ಬೇಕೇ, ಮಗಳನ್ನು ಇಲ್ಲಿಯ ಶಾಲೆಯಲ್ಲೇ ಮುಂದುವರಿಸಬೇಕೇ, ಬಾಲ್ಕನಿಯ ಕರಿಬೇವಿಗೆ ದೊಡ್ಡ ಕುಂಡ ತರಬೇಕೇ, ಎಲ್ಲಕ್ಕೂ ನಾವು ಕೇಳಿಕೊಳ್ಳುವುದು ಒಂದೇ: ಇನ್ನೆಷ್ಟು ವರ್ಷ ಇಲ್ಲಿ? ಅದನ್ನು ಕಾರೂ ಕೇಳುತ್ತದೆಂದು ಗೊತ್ತಿರಲಿಲ್ಲ.

ಅಪ್ಪನಿಗೆ ಗೇರಿನ ಈ ತಾಪತ್ರಯ ಇರಲಿಲ್ಲ. ಅವರ ಅಂಬಾಸಿಡರಿನ ಗೇರು ಸ್ಟಿಯರಿಂಗ್ ಪಕ್ಕದಲ್ಲೇ ಇತ್ತು. ಬೀಳದಿದ್ದರೆ ಕೈಗೆ ತಿಳಿಯುತ್ತಿತ್ತು, ಎರಡು ಬೈಗುಳಕ್ಕೆ ಬೀಳುತ್ತಲೂ ಇತ್ತು. ಆಟೋಮ್ಯಾಟಿಕ್‌ನಲ್ಲಿ ಎಲ್ಲವೂ ಒಳಗೇ. ಎಣ್ಣೆಯ ಒತ್ತಡ ಕ್ಲಚ್ ಪ್ಲೇಟುಗಳನ್ನು ಹಿಡಿಯುತ್ತದೆ, ಆ ಎಣ್ಣೆ ಯಾವ ದಾರಿಯಲ್ಲಿ ಹರಿಯಬೇಕೆಂದು ಸೊಲೆನಾಯ್ಡ್‌ಗಳು ತೀರ್ಮಾನಿಸುತ್ತವೆ, ಅವುಗಳ ಮೇಲೊಂದು ಕಂಪ್ಯೂಟರು. ಬೈದರೆ ಯಾರಿಗೆ ಬೈಯುವುದು?

ಕೊನೆಗೆ ಶುವೈಖ್ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋದೆ. ಬೀದಿಗೆ ಬೀದಿಯೇ ಗ್ಯಾರೇಜು, ಟೈರು, ಸ್ಪೇರ್ ಪಾರ್ಟ್ಸ್ ಅಂಗಡಿಗಳು. ಯಾರೋ ಹೇಳಿದ ಗ್ಯಾರೇಜಿನವರು ಪುತ್ತೂರಿನ ಕಡೆಯವರು. ವರ್ಕ್‌ಶಾಪಿನ ಕಾಗದವನ್ನು ಬೆಳಕಿಗೆ ಹಿಡಿದು, "ಪಿ 0700 ಅಂತ ಒಂದೇ ಕೋಡ್ ಉಂಟಲ್ಲ ಸಾರ್. ಇದು ಗೇರ್ ಹೋಯಿತು ಅಂತ ಅಲ್ಲ. ಒಳಗೆ ಎಂತದೋ ಕಂಪ್ಲೇಂಟ್ ಉಂಟು ಅಂತ ಮಾತ್ರ. ಎಂತ ಕಂಪ್ಲೇಂಟು ಅಂತ ಬೇರೆ ಕೋಡ್ ಹೇಳ್ಬೇಕು, ಮಾರಾಯ್ರೆ" ಅಂದರು.

ಆ 'ಮಾರಾಯ್ರೆ' ಕಿವಿಗೆ ಬಿದ್ದಾಗಲೇ ನಾನು ಅವರನ್ನು ನಂಬಿಯಾಗಿತ್ತು. ಸಾಕ್ಷ್ಯಾಧಾರವೆಲ್ಲ ಆಮೇಲಿನದು. ಇದೇ ಮಾತನ್ನು ಅರಬ್ಬಿಯಲ್ಲಿ ಹೇಳಿದ್ದರೆ ಇನ್ನೂ ನಾಲ್ಕು ಗ್ಯಾರೇಜು ತಿರುಗುತ್ತಿದ್ದೆನೇನೋ.

ಅವರು ಮೊದಲು ಬ್ಯಾಟರಿ ನೋಡಿದರು. ಈ ಸೆಖೆಯಲ್ಲಿ ಬ್ಯಾಟರಿ ಬೇಗ ಸೋಲುತ್ತದಂತೆ, ಕರೆಂಟು ಇಳಿದರೂ ಗೇರಿನ ಕಂಪ್ಯೂಟರು ಸುಮ್ಮನೆ ಗಲಾಟೆ ಎಬ್ಬಿಸುತ್ತದಂತೆ. ಬ್ಯಾಟರಿ ಸರಿಯಿತ್ತು. ಸ್ಕ್ಯಾನರ್ ಹಾಕಿದಾಗ ಎರಡನೇ ಕೋಡು ಸಿಕ್ಕಿತು: ಒಂದು ಸೊಲೆನಾಯ್ಡ್. ಕಾರು ಮೇಲೇರಿಸಿ ಎಣ್ಣೆ ಇಳಿಸಿದರು. ಕೆಂಪಗಿರಬೇಕಾದ್ದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಆದರೆ ಸುಟ್ಟ ವಾಸನೆ ಇರಲಿಲ್ಲ. ಪ್ಯಾನ್ ಬಿಚ್ಚಿ, ತಳದಲ್ಲಿ ಅಂಟಿದ್ದ ಆಯಸ್ಕಾಂತವನ್ನು ತೆಗೆದು, ಅದರ ಮೇಲಿನ ಬೂದುಬಣ್ಣದ ಕೆಸರನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ನನ್ನ ಮುಂದೆ ಹಿಡಿದರು. "ಮುಟ್ಟಿ ನೋಡಿ. ನುಣ್ಣಗೆ ಉಂಟಲ್ಲ? ಇಷ್ಟು ಸವೆಯುವುದು ಇದ್ದದ್ದೇ. ಚೂರು ಚೂರು ಕಬ್ಬಿಣ ಸಿಕ್ಕಿದ್ದರೆ ನಾನೂ ಅವರು ಹೇಳಿದ್ದನ್ನೇ ಹೇಳ್ತಿದ್ದೆ."

ನಾನೂ ತಿಕ್ಕಿ ನೋಡಿದೆ. ಬಹಳ ಗೊತ್ತಿದ್ದವನಂತೆ ತಲೆಯಾಡಿಸಿದೆ.

ದೊಡ್ಡ ವರ್ಕ್‌ಶಾಪಿನವರು ಕಳ್ಳರೆಂದು ನಾನು ಹೇಳಲಾರೆ. ಇಡೀ ಪೆಟ್ಟಿಗೆ ಬದಲಿಸಿದರೆ ಅವರು ಎರಡು ವರ್ಷ ನಿಶ್ಚಿಂತೆಯಿಂದ ಸಹಿ ಹಾಕಬಹುದು. ಒಂದು ಸೊಲೆನಾಯ್ಡ್ ಹಾಕಿ, ನಾಳೆ ಪಕ್ಕದ್ದು ಕೈಕೊಟ್ಟರೆ ಗಿರಾಕಿ ಅವರ ಏಸಿ ಕೋಣೆಯಲ್ಲೇ ಕೂಗಾಡುತ್ತಾನೆ. ಪುತ್ತೂರಿನವರು ಸಹಿಯನ್ನೇನೂ ಹಾಕಿಕೊಡಲಿಲ್ಲ. ಸೊಲೆನಾಯ್ಡ್, ಫಿಲ್ಟರ್, ಎಣ್ಣೆ, ಕೂಲಿ ಸೇರಿ 90 ದಿನಾರು ಅಂದರು. ಆರು ತಿಂಗಳು ಓಡಿದರೂ ಲಾಭವೇ ಎಂದು ಹೂಂ ಅಂದೆ.

ಹುಡುಗ ತಂದಿಟ್ಟ ಆಯಿಲ್ ಡಬ್ಬಕ್ಕೆ ಕೈ ಹಾಕುತ್ತಾ ಅವರು ಕೇಳಿದರು, "ಸಾರ್, ನೀವು ಇಲ್ಲಿ ಇನ್ನೆಷ್ಟು ವರ್ಷ?"

"ಬರೋ ವರ್ಷ ಊರಿಗೆ ಹೋಗಿಬಿಡೋಣ ಅಂತ."

ಅವರು ಡಬ್ಬವನ್ನು ಬದಿಗೆ ಸರಿಸಿ ಹುಡುಗನಿಗೆ ಕೂಗಿದರು: "ಇದು ಬೇಡ ಮಾರಾಯ, ಒಳ್ಳೆ ಆಯಿಲ್ ತಾ. ಇವರು ಇನ್ನೂ ಹತ್ತು ವರ್ಷ ಇರುವವರು."