ಬ್ಯಾಟರಿಗೆ ಸಾಕು ಅನ್ನೋದು ಹೇಗೆ?

ಬೇಲೂರು, ಹಳೇಬೀಡು ಅಂದ ಕೂಡಲೇ ಶಿಲಾಬಾಲಿಕೆಯರ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಾನು ಬರೀತಿರೋದು ಆ ಎರಡೂರಿನ ನಡುವಿನ ನಮ್ಮ ಹಳ್ಳಿಮನೆಯ ಬ್ಯಾಟರಿ ಬಗ್ಗೆ :)

2003ರ ಮಾತು. ಬರಗಾಲ. ಸಂಜೆಯಾದರೆ ಕರೆಂಟ್ ಇಲ್ಲ, ತಂಗಿ ಎಸ್ಸೆಸ್ಸೆಲ್ಸಿ. ಅದರ ಹಿಂದಿನ ವರ್ಷ ಅರಸೀಕೆರೆಗೆ ಕೊಬ್ಬರಿ ಹಾಕಿದ ದುಡ್ಡಲ್ಲಿ ಅಪ್ಪ ಒಂದು 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ತಂದಿದ್ದರು. ವಾರಕ್ಕೊಮ್ಮೆ ಸೈಕಲ್ ಕ್ಯಾರಿಯರ್‌ಗೆ ಕಟ್ಟಿ ಚಾರ್ಜಿಗೆ ಒಯ್ಯಬೇಕು. ಅಂಗಡಿಯವರು ರಾತ್ರಿಯಿಡೀ ಹಾಕಿಟ್ಟು ಬೆಳಿಗ್ಗೆ ಕೊಡೋರು. ಮುಚ್ಚಳ ಬಿಚ್ಚಿದರೆ ನೀರು ಇಳಿದು ಪ್ಲೇಟು ಕಾಣೋದು. ಅದು ಸತ್ತರೆ ಇನ್ನೊಂದು ತರೋಣ ಅನ್ನೋಕೆ ಆ ವರ್ಷ ತೋಟದಲ್ಲಿ ಕಾಯೇ ಇರಲಿಲ್ಲ.

ಚಾರ್ಜ್ ಮಾಡೋದು ಮಹಾ ವಿದ್ಯೆ ಏನಲ್ಲ. 15 ವೋಲ್ಟಿನ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್ ಸಾಕು. ನಿಲ್ಲಿಸೋದೇ ಕಷ್ಟ. ಸುಮಾರು 14.4 ವೋಲ್ಟ್ ದಾಟಿದ ಮೇಲೆ ಒಳಗೆ ಹೋಗೋ ಕರೆಂಟು ನೀರನ್ನ ಹೈಡ್ರೋಜನ್, ಆಕ್ಸಿಜನ್ ಮಾಡೋಕೇ ಖರ್ಚಾಗುತ್ತೆ. ತಂಗಿ ಓದುತ್ತಾ ಮಲಗೋ ಕೋಣೆಯಲ್ಲಿ ಹೈಡ್ರೋಜನ್!

ಅದಕ್ಕೇ ಬೆಂಗಳೂರಿನ ಎಸ್.ಪಿ. ರೋಡಿಂದ ಒಂದು ಝೀನರ್, ಒಂದು ಬಿ.ಸಿ. 547 ಟ್ರಾನ್ಸಿಸ್ಟರ್, ರಿಲೇ, ಪ್ರಿಸೆಟ್ ತಂದೆ. ಬ್ಯಾಟರಿ 14.4 ಮುಟ್ಟಿದಾಗ ಝೀನರ್ ಬಾಗಿಲು ತೆಗೆದು ಟ್ರಾನ್ಸಿಸ್ಟರ್‌ನ ಬೇಸಿಗೆ 0.7 ವೋಲ್ಟ್ ಬರಬೇಕು, ಅದು ಆನ್ ಆಗಿ ರಿಲೇ ಎಳೆದು ಚಾರ್ಜಿಂಗ್ ತಪ್ಪಿಸಬೇಕು. ತಪ್ಪಿಸಿತು ಕೂಡ. ಆದರೆ ಚಾರ್ಜಿಂಗ್ ತಪ್ಪಿದ ತಕ್ಷಣ ಬ್ಯಾಟರಿ ವೋಲ್ಟೇಜು ಇಳಿಯುತ್ತಲ್ಲ, ರಿಲೇ ಬಿಡ್ತು, ಮತ್ತೆ ಏರಿತು, ಎಳೀತು, ಬಿಡ್ತು... ಟಕ್ ಟಕ್ ಟಕ್.

"ಏನ್ಲಾ ಅದು, ಹಲ್ಲಿ ಲೊಚಗುಟ್ಟಿದಂಗೆ?" ಅಂತ ಅಪ್ಪ ಒಳಗಿಂದಲೇ ಕೇಳಿದ್ರು.

ಇದಕ್ಕೆ ಮದ್ದು ಕಂಡುಹಿಡಿದವನು ಆಟೋ ಶ್ಮಿಟ್ ಅನ್ನೋ ಅಮೆರಿಕದವನು, 1930ರ ದಶಕದಲ್ಲಿ, ಸ್ಕ್ವಿಡ್ ಅನ್ನೋ ಸಮುದ್ರಜೀವಿಯ ನರ ನೋಡ್ತಾ! ಅವನದ್ದು ವಾಲ್ವಿನ ಕಾಲ. ನಾನು ಎರಡನೇ ಟ್ರಾನ್ಸಿಸ್ಟರ್ ಸೇರಿಸಿ ಎರಡರ ಎಮಿಟರಿಗೂ ಒಂದೇ ರೆಸಿಸ್ಟರ್ ಹಾಕಿದೆ. ಒಂದು ಆನ್ ಆದರೆ ಇನ್ನೊಂದು ಆಫ್. ನಿಲ್ಲಿಸೋ ವೋಲ್ಟೇಜೇ ಬೇರೆ, ಮತ್ತೆ ಶುರು ಮಾಡೋ ವೋಲ್ಟೇಜೇ ಬೇರೆ ಆಗುತ್ತೆ. ಪ್ರಿಸೆಟ್ ತಿರುಗಿಸಿ, ರೆಸಿಸ್ಟರ್ ಬದಲಾಯಿಸಿ, ಮಲ್ಟಿಮೀಟರ್ ಹಿಡಿದು ಮೂರು ರಾತ್ರಿ ಕೂತೆ. ಕೊನೆಗೆ 14.4ಕ್ಕೆ ನಿಂತು 12.6ಕ್ಕೆ ಮತ್ತೆ ಹಿಡಿಯೋ ಹಾಗಾಯ್ತು. ಹಲ್ಲಿ ಸದ್ದಡಗಿತು. ಅಂದಹಾಗೆ ರಿಲೇ ಕಾಯಿಲಿಗೆ ಅಡ್ಡಲಾಗಿ ಒಂದು ಡಯೋಡ್ ಮರೆಯಬೇಡಿ, ಇಲ್ಲದಿದ್ದರೆ ಕಾಯಿಲ್ ಬಿಡುವಾಗಿನ ಹೊಡೆತಕ್ಕೆ ಟ್ರಾನ್ಸಿಸ್ಟರ್ ಹೋಗುತ್ತೆ.

ತಂಗಿ ಪಾಸಾದಳು. ಆ ಬ್ಯಾಟರಿ ಇನ್ನೂ ಮೂರು ವರ್ಷ ಬಾಳಿತು.

ಮೊನ್ನೆ ಊರಿಗೆ ಹೋದಾಗ ಪಕ್ಕದ ಮನೆ ಹುಡುಗ ಹಳೇ ಲ್ಯಾಪ್‌ಟಾಪಿನ ಲಿಥಿಯಂ ಸೆಲ್ ಬಿಚ್ಚಿ ತಂದಿದ್ದ. "ಅಣ್ಣ, ಇದ್ನ ನಿಮ್ ಚಾರ್ಜರಿಗೇ ಹಾಕ್ಲಾ?" ಬೇಡಪ್ಪಾ ಅಂದೆ. ಅವುಗಳಲ್ಲಿ ಹೆಚ್ಚಿನವಕ್ಕೆ ಸೆಲ್ಲಿಗೆ 4.2 ವೋಲ್ಟೇ ಮಿತಿ, ಮೀರಿದರೆ ಬೆಂಕಿ. ಒಂದೊಂದು ಸೆಲ್ಲನ್ನೂ ಬೇರೆ ಬೇರೆ ಕಾಯಬೇಕು. ಅದಕ್ಕಂತಲೇ ಇರೋ ಬೋರ್ಡ್ ತರಿಸೋಣ ಅಂದಿದ್ದೀನಿ. ಬರೋವರೆಗೂ ಸೆಲ್ಲುಗಳು ನನ್ನ ಬೀರುವಿನಲ್ಲೇ ಇವೆ.