ಮಂಗಳೂರಿನ ಪೇರಳೆ ಜೆಲ್ಲಿ

ನಮ್ಮ ಮನೆಯವರಿಗೆ ಮಂಗಳೂರಿಗೆ ವರ್ಗವಾದಾಗ ನನಗೆ ತುಳುವೂ ಬಾರದು, ಕೊಂಕಣಿಯೂ ಬಾರದು. ಜೆಪ್ಪುವಿನಲ್ಲಿ ಹಂಚಿನ ಮನೆ ಸಿಕ್ಕಿತು. ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಇದೇ ಜೆಪ್ಪುವಿನಲ್ಲಿ. ಹಿತ್ತಲಲ್ಲೊಂದು ಸೀಬೆಮರ, ಇಲ್ಲಿಯವರ ಬಾಯಲ್ಲಿ ಅದು ಪೇರಳೆ.

ಹಣ್ಣು ಉದುರಿ ಹಾಳಾಗುವುದನ್ನು ನೋಡಲಾರದೆ ಜೆಲ್ಲಿ ಮಾಡಹೊರಟೆ. ಬೆಂದ ಹಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಚೆನ್ನಾಗಿ ಹಿಂಡಿದೆ. ರಸವೆಲ್ಲ ಕದಡಿಹೋಯ್ತು. ಎಷ್ಟು ಕಾಯಿಸಿದರೂ ಪಾಕವೇ ಹೊರತು ಜೆಲ್ಲಿಯಾಗಲಿಲ್ಲ. ಒಂದು ಕಿಲೋ ಸಕ್ಕರೆ ದಂಡ! ಅಳುವೇ ಬಂತು.

ಬೇಲಿಯಾಚೆ ಬಾಯಮ್ಮ ಕ್ರಿಸ್ಮಸ್ಸಿನ ಕುಸ್ವಾರಿಗೆಂದು ಪೇರಳೆಯ 'ಪೆರಾದ್' ಮಗುಚುತ್ತಿದ್ದರು. ಬಂದು ನೋಡಿ ನಕ್ಕರು.

"ಹಿಂಡಿದ್ದು ಎಂತಕ್ಕೆ ಮಾರಾಯ್ತಿ? ಅದು ತಾನಾಗಿ ಇಳಿಯಬೇಕು. ಪೂರಾ ಹಣ್ಣಾದದ್ದು ಆಗುವುದಿಲ್ಲ, ಸ್ವಲ್ಪ ಕಾಯಿ ಇರಬೇಕು."

ಜೆಲ್ಲಿ ಕಟ್ಟಿಕೊಳ್ಳುವುದು ಪೆಕ್ಟಿನ್‌ನಿಂದ. ಹಣ್ಣು ಮಾಗಿದಷ್ಟೂ ಅದು ಕಡಿಮೆ.

ಅಂದು ಸಂಜೆಯೇ 1 ಕಿಲೋ ದೋರೆಗಾಯಿ ಸಿಪ್ಪೆ, ಬೀಜ ಸಮೇತ ಹೆಚ್ಚಿ, ಮುಳುಗುವಷ್ಟು ನೀರಿನಲ್ಲಿ ಅರ್ಧ ಗಂಟೆ ಬೇಯಿಸಿದೆವು. ತೆಳುಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿದೆವು. ಬೆಳಿಗ್ಗೆ 1 ಬಟ್ಟಲು ರಸಕ್ಕೆ ಮುಕ್ಕಾಲು ಬಟ್ಟಲು ಸಕ್ಕರೆಯಂತೆ ಅಳೆದು, ಒಂದು ನಿಂಬೆಹಣ್ಣಿನ ರಸ ಹಿಂಡಿ, ದೊಡ್ಡ ಉರಿಯಲ್ಲಿ ಕುದಿಸಿದೆವು. ಸೌಟು ಓರೆ ಮಾಡಿದರೆ ಹನಿಹನಿಯಾಗಿ ತೊಟ್ಟಿಕ್ಕುವ ಬದಲು ಎರಡು ಹನಿ ಕೂಡಿ ಹಾಳೆಯಂತೆ ಜಾರಿತು.

"ಆಯ್ತು, ಇಳಿಸು!"

ಬಿಸಿಯಿರುವಾಗಲೇ ಒಣಗಿದ ಬಾಟಲಿಗೆ ತುಂಬಿದೆ. ಆರಿದ ಮೇಲೆ ಬೆಳಕಿಗೆ ಹಿಡಿದರೆ ಮಾಣಿಕ್ಯದ ಬಣ್ಣ ಕಣ್ರೀ! ಮೊದಲ ಬಾಟಲಿ ಬೇಲಿಯಾಚೆ ಹೋಯ್ತು. ಕ್ರಿಸ್ಮಸ್ ದಿನ ತಟ್ಟೆ ತುಂಬ ಕುಸ್ವಾರ್ ಬೇಲಿ ದಾಟಿ ಬಂತು. ಅಂದಿನಿಂದ ಮಂಗಳೂರು ನನಗೆ ಪರಸ್ಥಳ ಅನ್ನಿಸಲಿಲ್ಲ.