ಅಳತೆಗೋಲಿಗೆ ಸಿಗದವರು



ಶಾಲಾ ಕಾಲೇಜುಗಳು ಮರಳಿ ಆರಂಭವಾಗುವ ಜೂನ್ ತಿಂಗಳು ನಮ್ಮ ಮನೆಗಳಲ್ಲಿ ಅಳತೆಯ ತಿಂಗಳು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿಗೆ ಹೋದರೂ ಒಂದೇ ಮಾತು. ಎಸ್.ಎಸ್.ಎಲ್.ಸಿ.ಯಲ್ಲಿ ಎಷ್ಟು ಅಂಕ ಬಂತು? ವಿಜ್ಞಾನವೋ, ವಾಣಿಜ್ಯವೋ? ಐ.ಟಿ.ಐ.ಗೆ ಹಚ್ಚುವುದೋ, ಹೊಲಮನೆ ನೋಡಿಕೊಂಡಿರಲಿ ಎಂದು ಬಿಡುವುದೋ? ಭಾನುವಾರ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳದಲ್ಲಿ ನಿಂತಾಗಲೂ ನಾವು ನಮ್ಮ ಮಕ್ಕಳನ್ನು ಪಕ್ಕದ ಮನೆಯ ಮಕ್ಕಳ ಜೊತೆ ನಿಲ್ಲಿಸಿ ತೂಗುತ್ತಿರುತ್ತೇವೆ.

ಇದೇ ಜೂನ್ ತಿಂಗಳಲ್ಲಿ ಅಮೆರಿಕ ದೇಶದಲ್ಲಿಯೂ ಒಂದು ದೊಡ್ಡ ಅಳತೆ ನಡೆಯುತ್ತದೆ. ಅಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್.ಬಿ.ಎ.ಯಲ್ಲಿ 30 ತಂಡಗಳಿವೆ. ಅವು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಎರಡು ಸುತ್ತು, ಹೆಚ್ಚೆಂದರೆ ಅರವತ್ತು ಹೆಸರು. ಮೂರು ದಶಕ ದೈಹಿಕ ಶಿಕ್ಷಕನಾಗಿ ಮಕ್ಕಳನ್ನು ಆರಿಸುವ ಕೆಲಸವನ್ನೇ ಮಾಡಿದ ನನಗೆ ಆ ಸುದ್ದಿ ಓದುವಾಗಲೆಲ್ಲ ಮನಸ್ಸು ಒಂದು ಹಳೆಯ ತಪ್ಪಿನ ಕಡೆಗೆ ಹೊರಳುತ್ತದೆ. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದೇ ಈ ಬರಹ.

ಬಾಸ್ಕೆಟ್‌ಬಾಲ್ ನಮಗೆ ದೂರದ ಆಟವೆಂದು ನೀವು ಭಾವಿಸಬಹುದು. ನಿಜ, ನಮ್ಮದು ಕುಸ್ತಿ, ಕಬಡ್ಡಿ, ಖೋ ಖೋ ಆಟಗಳ ಸೀಮೆ. ಆದರೆ ಈ ಆಟ ಹುಟ್ಟಿದ್ದು ಒಂದು ಕ್ರೈಸ್ತ ಸಂಸ್ಥೆಯ ಅಂಗಳದಲ್ಲಿ. 1891ರ ಡಿಸೆಂಬರ್‌ನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ವೈ.ಎಂ.ಸಿ.ಎ. ನಡೆಸುತ್ತಿದ್ದ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಇದನ್ನು ರೂಪಿಸಿದರು. ಅವರು ದೇವಶಾಸ್ತ್ರವನ್ನು ಓದಿದವರು. ಕಠಿಣ ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ, ಆದರೆ ಒಬ್ಬರನ್ನೊಬ್ಬರು ಕೆಡವಿ ಗಾಯಗೊಳಿಸದ ಆಟವೊಂದು ಬೇಕಾಗಿತ್ತು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿ, 13 ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಚೆಂಡು ಹಿಡಿದವನು ಅದನ್ನು ಹಿಡಿದುಕೊಂಡೇ ಓಡುವಂತಿಲ್ಲ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಅಂದರೆ, ಕೈಯಲ್ಲಿರುವುದನ್ನು ಇನ್ನೊಬ್ಬನಿಗೆ ಕೊಡಲೇಬೇಕು ಎಂಬ ಪಾಠ ಈ ಆಟದ ಬುಡದಲ್ಲಿಯೇ ಇದೆ.

ಆ ಕೊಡುವ ಕೆಲಸ ಹೆಚ್ಚಾಗಿ ಯಾರದು? ಗಾರ್ಡ್ ಎಂಬ ಆಟಗಾರನದು. ಐವರ ತಂಡದಲ್ಲಿ ಸಾಮಾನ್ಯವಾಗಿ ಇಬ್ಬರು ಗಾರ್ಡ್‌ಗಳಿರುತ್ತಾರೆ, ಸಾಮಾನ್ಯವಾಗಿ ಅವರೇ ತಂಡದಲ್ಲಿ ಗಿಡ್ಡರು. ಚೆಂಡನ್ನು ಮೈದಾನದ ಈ ತುದಿಯಿಂದ ಆ ತುದಿಗೆ ತರುವುದು, ಯಾರು ತೆರಪಾಗಿದ್ದಾರೆಂದು ನೋಡುವುದು, ಸರಿಯಾದ ಕ್ಷಣದಲ್ಲಿ ಅವನ ಕೈಗೆ ಚೆಂಡು ತಲುಪಿಸುವುದು ಅವರ ಹೊಣೆ. ಬುಟ್ಟಿಯ ಬಳಿ ನಿಲ್ಲುವವನಿಗೆ ಎತ್ತರ ಬೇಕು, ಗಾರ್ಡ್‌ಗೆ ಕಣ್ಣು ಬೇಕು.

ಆದರೆ ಕಣ್ಣನ್ನು ಅಳೆಯುವುದು ಹೇಗೆ? ಡ್ರಾಫ್ಟ್‌ಗೆ ಮುಂಚೆ ಆಟಗಾರರನ್ನು ಒಂದೆಡೆ ಕರೆಸಿ, ಬೂಟು ಕಳಚಿಸಿ ಎತ್ತರ ನೋಡುತ್ತಾರೆ. ಚಾಚಿದ ತೋಳುಗಳ ಅಗಲ, ನಿಂತಲ್ಲಿಂದ ಜಿಗಿಯುವ ಎತ್ತರ, ಓಟದ ವೇಗ, ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಚಿಂಚಲಿ ಮಾಯಕ್ಕನ ಜಾತ್ರೆಯ ದನದ ಪೇಟೆಯನ್ನು ಕಂಡವರಿಗೆ ಇದು ಹೊಸದೆನಿಸದು. ಅಲ್ಲಿಯೂ ರೈತನು ಎತ್ತಿನ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆದರೂ ಅನುಭವಸ್ಥನು ಹೇಳುವುದು ಒಂದೇ ಮಾತು: ಎತ್ತಿನ ಗುಣ ತಿಳಿಯುವುದು ನೊಗ ಹೂಡಿದ ಮೇಲೆಯೇ.

ಆ ದೊಡ್ಡ ಪೇಟೆಯಲ್ಲಿಯೂ ಹಾಗೆಯೇ ಆಗಿದೆ. 1984ರಲ್ಲಿ ಜಾನ್ ಸ್ಟಾಕ್‌ಟನ್ ಎಂಬ ಆರು ಅಡಿ ಒಂದು ಅಂಗುಲದ ಗಾರ್ಡ್‌ನ ಸರದಿ ಬಂದದ್ದು ಹದಿನಾರನೆಯವನಾಗಿ. ಅವನು ಓದಿದ್ದು ಯೇಸುಸಭೆಯ ಗುರುಗಳು ಸ್ಥಾಪಿಸಿದ ಗೊನ್ಜಾಗ ವಿಶ್ವವಿದ್ಯಾಲಯದಲ್ಲಿ. ಹತ್ತೊಂಬತ್ತು ಋತುಗಳನ್ನು ಒಂದೇ ತಂಡದಲ್ಲಿ ಆಡಿ, ಜೊತೆಗಾರರು ಅಂಕ ಗಳಿಸುವಂತೆ ಅವನು ಕೊಟ್ಟ ಪಾಸುಗಳ ಸಂಖ್ಯೆ 15,806. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. 1996ರಲ್ಲಿ ಹದಿನೈದನೆಯವನಾಗಿ ಆಯ್ಕೆಯಾದ ಸ್ಟೀವ್ ನ್ಯಾಶ್‌ಗೆ ಶಾಲಾ ದಿನಗಳಲ್ಲಿ ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದ ಅಮೆರಿಕದ ವಿಶ್ವವಿದ್ಯಾಲಯ ಒಂದೇ ಒಂದು, ಅದು ಸಾಂಟಾ ಕ್ಲಾರಾ. ಅದೂ ಯೇಸುಸಭೆಯದೇ. ಅವನು 2005 ಮತ್ತು 2006ರಲ್ಲಿ ಇಡೀ ಲೀಗಿನ ಶ್ರೇಷ್ಠ ಆಟಗಾರನೆನಿಸಿದನು. 2009ರಲ್ಲಿ ಸ್ಟೀಫನ್ ಕರಿ ಏಳನೆಯವನಾದನು, ಅವನಿಗಿಂತ ಮೊದಲು ಒಂದೇ ತಂಡ ಸಾಲಾಗಿ ಬೇರೆ ಇಬ್ಬರು ಗಾರ್ಡ್‌ಗಳನ್ನು ಆರಿಸಿಕೊಂಡಿತ್ತು. ಸಣ್ಣ ಮೈಕಟ್ಟಿನವನೆಂದು ಅನೇಕರು ಸಂದೇಹಪಟ್ಟ ಆ ಹುಡುಗ ಮುಂದೆ ನಾಲ್ಕು ಬಾರಿ ತನ್ನ ತಂಡದೊಂದಿಗೆ ಪ್ರಶಸ್ತಿ ಗೆದ್ದನು. 2018ರಲ್ಲಿ ಜೇಲನ್ ಬ್ರನ್ಸನ್ 33ನೆಯ ಸರದಿಯವರೆಗೆ ಕಾಯಬೇಕಾಯಿತು. ಅವನು ಬಂದದ್ದು ಅಗುಸ್ಟೀನರ ಸಭೆಯ ವಿಲ್ಲನೋವಾ ವಿಶ್ವವಿದ್ಯಾಲಯದಿಂದ. ಇಂದಿನ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು 1977ರಲ್ಲಿ ಪದವಿ ಪಡೆದದ್ದೂ ಅಲ್ಲಿಂದಲೇ. ಬ್ರನ್ಸನ್ ಈಗ ಲೀಗಿನ ಹೆಸರಾಂತ ಗಾರ್ಡ್‌ಗಳಲ್ಲಿ ಒಬ್ಬನು.

ಇವರನ್ನು ಆರಿಸುವಾಗ ಹಿಂದುಮುಂದು ನೋಡಿದವರು ಮೂರ್ಖರಲ್ಲ. ಅವರು ಅಳೆದದ್ದು ಸರಿಯಾಗಿಯೇ ಇತ್ತು, ಆದರೆ ಅಳೆಯಲಾಗದ್ದು ಅವರ ಹಾಳೆಯಲ್ಲಿ ಇರಲಿಲ್ಲ. ತಪ್ಪು ಮಾಡಿದ ಮರುಕ್ಷಣ ಈ ಹುಡುಗನು ಏನು ಮಾಡುತ್ತಾನೆ? ಚೆಂಡು ತನ್ನ ಕೈಯಲ್ಲಿಲ್ಲದಾಗ ಅವನ ಕಣ್ಣು ಎಲ್ಲಿರುತ್ತದೆ? ಜೊತೆಯವನು ಗೆದ್ದಾಗ ಅವನ ಮುಖ ಅರಳುತ್ತದೆಯೇ, ಬಾಡುತ್ತದೆಯೇ?

ಆದರೆ ಓದುಗರೇ, ಇಲ್ಲಿಗೆ ನಿಲ್ಲಿಸಿದರೆ ನಾನು ಹೇಳಿದ್ದು ಅರ್ಧ ಸತ್ಯವಾಗುತ್ತದೆ. ಹಿಂದೆ ಉಳಿದವರೆಲ್ಲರೂ ಮುಂದೆ ಬಂದರೆಂದು ತಿಳಿಯಬೇಡಿ. 2015ರಲ್ಲಿ ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ರೈತಕುಟುಂಬದ ಸತ್ನಾಮ್ ಸಿಂಗ್ 52ನೆಯವನಾಗಿ ಆಯ್ಕೆಯಾದಾಗ ನಮ್ಮ ದೇಶವೇ ಹಿಗ್ಗಿತು. ಭಾರತದಲ್ಲಿ ಹುಟ್ಟಿ ಆ ಪಟ್ಟಿಗೆ ಸೇರಿದ ಮೊದಲಿಗನು ಅವನು. ಅವನು ಗಾರ್ಡ್ ಅಲ್ಲ, ಏಳು ಅಡಿ ಎರಡು ಅಂಗುಲದ, ಬುಟ್ಟಿಯ ಬಳಿ ನಿಲ್ಲುವ ಆಟಗಾರ. ಆದರೂ ಎನ್.ಬಿ.ಎ.ಯ ಒಂದು ಪಂದ್ಯದಲ್ಲಿಯೂ ಅವನಿಗೆ ಆಡುವ ಅವಕಾಶ ದೊರೆಯಲಿಲ್ಲ. ಮುಂದೆ ಅವನು ಅಮೆರಿಕದ ವೃತ್ತಿಪರ ಕುಸ್ತಿ ಪ್ರದರ್ಶನಗಳಲ್ಲಿ ಬೇರೊಂದು ಬದುಕನ್ನು ಕಟ್ಟಿಕೊಂಡನು. ಅಂದರೆ ಆಯ್ಕೆಯಾಗುವುದೇ ಕೊನೆಯಲ್ಲ, ಆಯ್ಕೆಯಾಗದಿರುವುದೂ ಕೊನೆಯಲ್ಲ.

ಈಗ ನನ್ನ ತಪ್ಪಿನ ಮಾತು. ಹಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಬಾಸ್ಕೆಟ್‌ಬಾಲ್ ತಂಡವನ್ನು ಜಿಲ್ಲಾ ಮಟ್ಟಕ್ಕೆ ಕರೆದೊಯ್ಯಬೇಕಾಗಿತ್ತು. ಹನ್ನೆರಡು ಮಂದಿ ಬೇಕು. ಹನ್ನೊಂದು ಹೆಸರು ಬರೆದಿದ್ದೆ. ಉಳಿದ ಒಂದು ಸ್ಥಾನಕ್ಕೆ ಇಬ್ಬರು. ಒಬ್ಬನು ಎತ್ತರದ ಹುಡುಗ, ಇನ್ನೊಬ್ಬನು ರಾಯಬಾಗದ ಕಡೆಯ ಹಳ್ಳಿಯಿಂದ ಬಂದು ವಸತಿನಿಲಯದಲ್ಲಿದ್ದ ಗಿಡ್ಡ ಹುಡುಗ. ಈ ಗಿಡ್ಡನು ಚೆಂಡು ಎಸೆಯುವುದರಲ್ಲಿ ಅಷ್ಟಕ್ಕಷ್ಟೇ. ಆದರೆ ಯಾರು ಎಲ್ಲಿ ನಿಂತಿದ್ದಾರೆಂಬುದು ಅವನಿಗೆ ತಿರುಗಿ ನೋಡದೆಯೂ ತಿಳಿಯುತ್ತಿತ್ತು. ನಾನು ಇಬ್ಬರನ್ನೂ ಗೋಡೆಗೆ ನಿಲ್ಲಿಸಿ, ಸೀಮೆಸುಣ್ಣದಿಂದ ಗೆರೆ ಎಳೆದು, ಎತ್ತರದವನ ಹೆಸರು ಬರೆದೆ. ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಚ್ಚಿ ಮನೆಗೆ ಹೋದೆ. ಮರುದಿನದಿಂದ ಆ ಹುಡುಗ ಮೈದಾನಕ್ಕೆ ಬರಲಿಲ್ಲ. ನಾನೂ ಕೇಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಕಬ್ಬು ನುರಿಸುವ ಹಂಗಾಮಿನಲ್ಲಿ, ಬಂಧುವೊಬ್ಬರ ಜೊತೆ ಒಂದು ಸಕ್ಕರೆ ಕಾರ್ಖಾನೆಗೆ ಹೋಗಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ನಿಂತಿದ್ದವು. ತೂಕದ ಕಾಟಾದ ಬಳಿ ಒಬ್ಬನು ನಿಂತು ಗಾಡಿಗಳನ್ನು ಒಳಗೆ ಬಿಡುತ್ತಿದ್ದನು. ಕೂಗಾಟವಿಲ್ಲ, ಬೈಗುಳವಿಲ್ಲ. ಸಾಲಿನ ನಡುವೆ ಸಿಕ್ಕಿಕೊಂಡು ಬಸವಳಿದಿದ್ದ ಒಂದು ಜೋಡಿ ಎತ್ತನ್ನು ಅವನು ದೂರದಿಂದಲೇ ಗುರುತಿಸಿ, ಎರಡು ಟ್ರ್ಯಾಕ್ಟರುಗಳನ್ನು ಕೈಸನ್ನೆಯಿಂದ ಪಕ್ಕಕ್ಕೆ ನಿಲ್ಲಿಸಿ, ಆ ಗಾಡಿಗೆ ದಾರಿ ಮಾಡಿಕೊಟ್ಟನು. ನಿಂತು ನೋಡಿದೆ. ಅವನೇ! ಅವನೂ ನನ್ನನ್ನು ಗುರುತಿಸಿ ನಮಸ್ಕರಿಸಿದನು. ಚಹಾ ತರಿಸಿದನು. ನಾನಾಗಿಯೇ ಆ ಹಳೆಯ ಪಟ್ಟಿಯ ಮಾತು ತೆಗೆದೆ.

"ಆರಿಸಲಿಲ್ಲ ಅಂತ ನನಗ ಸಿಟ್ಟ ಇರಲಿಲ್ರಿ, ಸರ್. ನನಕಿಂತ ಚಲೋ ಆಡೋರು ಇದ್ರು. ಆದ್ರ ನೀವು ನನಗ ಒಂದ ಮಾತ ಸೈತ ಹೇಳಲಿಲ್ಲ ನೋಡ್ರಿ. ಹಾಳಿ ಹಚ್ಚಿ ಹೋಗಿಬಿಟ್ರಿ," ಎಂದನು. ನಗುತ್ತಲೇ ಹೇಳಿದನು. ನನಗೆ ಚಹಾ ಒಳಗಿಳಿಯಲಿಲ್ಲ.

ಅಂದಿನಿಂದ ಸಮುವೇಲನ ಮೊದಲನೆಯ ಗ್ರಂಥದ ಹದಿನಾರನೆಯ ಅಧ್ಯಾಯವನ್ನು ನಾನು ಬೇರೆ ಬಗೆಯಲ್ಲಿ ಓದುತ್ತೇನೆ. ಇಸ್ರಯೇಲಿನ ಮೊದಲ ಅರಸ ಸೌಲನು ಉಳಿದೆಲ್ಲರಿಗಿಂತ ಭುಜದಷ್ಟು ಎತ್ತರದವನು. ಜನ ಆ ಎತ್ತರ ನೋಡಿ ಹಿಗ್ಗಿದರು. ಮುಂದೇನಾಯಿತೆಂದು ನಿಮಗೆ ತಿಳಿದೇ ಇದೆ. ಅಷ್ಟಾದರೂ ಪ್ರವಾದಿ ಸಮುವೇಲನು ಬೆತ್ಲೆಹೇಮಿಗೆ ಬಂದಾಗ ಜೆಸ್ಸೆಯ ಹಿರಿಯ ಮಗ ಎಲೀಯಾಬನ ನಿಲುವಿಗೇ ಮತ್ತೆ ಮರುಳಾದನು. ನಿಲುವನ್ನೂ ಎತ್ತರವನ್ನೂ ನೋಡಬೇಡ, ಮನುಷ್ಯರು ಹೊರಗನ್ನು ನೋಡುತ್ತಾರೆ, ತಾನು ಹೃದಯವನ್ನು ನೋಡುತ್ತೇನೆ ಎಂದು ಸರ್ವೇಶ್ವರ ತಿಳಿಸಬೇಕಾಯಿತು. ಏಳು ಮಂದಿ ಮಕ್ಕಳು ಹಾದುಹೋದ ಮೇಲೆ ಸಮುವೇಲನು ಇನ್ನಾರಾದರೂ ಇದ್ದಾರೆಯೇ ಎಂದು ವಿಚಾರಿಸಿದನು. ಕುರಿ ಕಾಯುತ್ತಿದ್ದ ಕಿರಿಯವನನ್ನು ಸ್ವಂತ ತಂದೆಯೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ! ಪ್ರವಾದಿಯ ಕಣ್ಣೂ ತಪ್ಪಿತು, ತಂದೆಯ ಕಣ್ಣೂ ತಪ್ಪಿತು. ಹಾಗಿರುವಾಗ ನನ್ನ ಸೀಮೆಸುಣ್ಣದ ಗೆರೆ ಎಷ್ಟರದು?

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇನ್ನೊಂದು ಆಯ್ಕೆಯ ಕಥೆ ಇದೆ. ಯೂದನ ಸ್ಥಾನಕ್ಕೆ ಇಬ್ಬರು ಯೋಗ್ಯರನ್ನು ಮುಂದೆ ನಿಲ್ಲಿಸಿ, ಪ್ರಾರ್ಥಿಸಿ, ಚೀಟು ಹಾಕಿದರು. ಚೀಟು ಮತ್ತೀಯನ ಹೆಸರಿಗೆ ಬಂದಿತು. ಬಾರ್ಸಬ್ಬ ಎಂದು ಕರೆಯಲಾಗುತ್ತಿದ್ದ ಜೋಸೆಫನು ಉಳಿದುಬಿಟ್ಟನು. ಮುಂದೆ ಆ ಗ್ರಂಥದಲ್ಲಿ ಅವನ ಸುದ್ದಿಯೇ ಇಲ್ಲ. ಆದರೆ ಅವನೂ ಮೊದಲಿನಿಂದಲೂ ಯೇಸುಸ್ವಾಮಿಯೊಡನೆ ನಡೆದವನೇ, ಪುನರುತ್ಥಾನಕ್ಕೆ ಸಾಕ್ಷಿಯಾದವನೇ. ಚೀಟು ಬೇರೆಯವನಿಗೆ ಬಿದ್ದ ಮಾತ್ರಕ್ಕೆ ಅವನು ಕಂಡದ್ದು ಸುಳ್ಳಾಗಲಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಬಾರ್ಸಬ್ಬರಿದ್ದಾರೆ! ವೈದ್ಯಕೀಯ ಸೀಟು ಸಿಗದ ಮಗಳು, ಪೊಲೀಸ್ ಭರ್ತಿಯಲ್ಲಿ ಒಂದು ಅಂಗುಲಕ್ಕೆ ಹಿಂದೆ ಬಿದ್ದ ಮಗ, ಗಾಯನ ಮಂಡಳಿಯಲ್ಲಿ ದನಿ ಹೊಂದಲಿಲ್ಲವೆಂದು ಹಿಂದಿನ ಬೆಂಚಿಗೆ ಹೋದ ಹುಡುಗ. ಅವರೊಡನೆ ನಾವು ಏನು ಮಾತಾಡಿದ್ದೇವೆ? ಅಥವಾ ನಾವೂ ಹಾಳೆ ಹಚ್ಚಿ ಹೋಗಿಬಿಟ್ಟಿದ್ದೇವೆಯೇ?

ಅಳತೆ ಬೇಡವೆಂದು ನಾನು ಹೇಳುತ್ತಿಲ್ಲ. ಹನ್ನೆರಡು ಸ್ಥಾನಗಳಿಗೆ ಇಪ್ಪತ್ತು ಮಂದಿ ನಿಂತಾಗ ಎಂಟು ಮಂದಿಯನ್ನು ಬಿಡಲೇಬೇಕು, ಸೀಟುಗಳಿಗೂ ನೌಕರಿಗಳಿಗೂ ಲೆಕ್ಕವಿದೆ. ನಾನು ಬೇಡುವುದು ಎರಡೇ. ಮೊದಲನೆಯದು, ಒಂದು ದಿನದ ಅಳತೆಯಿಂದ ಮಗುವನ್ನು ತೀರ್ಮಾನಿಸಬೇಡಿ. ಅಂಕಪಟ್ಟಿಯನ್ನು ಮಡಚಿಟ್ಟು, ಆ ಮಗು ಸೋತ ದಿನ ಹೇಗಿತ್ತು, ತಮ್ಮನಿಗೆ ಜ್ವರ ಬಂದ ರಾತ್ರಿ ಏನು ಮಾಡಿತು, ಅಜ್ಜಿಯ ಮಾತಿಗೆ ಹೇಗೆ ಕಿವಿಗೊಟ್ಟಿತು ಎಂಬುದನ್ನೂ ನೆನೆಯಿರಿ. ಎರಡನೆಯದು, ಬಿಡಬೇಕಾಗಿ ಬಂದರೆ ಹತ್ತಿರ ಕರೆದು ಹೇಳಿ ಬಿಡಿ. "ಈ ಬಾರಿ ನಿನ್ನನ್ನು ತೆಗೆದುಕೊಳ್ಳಲಾಗಲಿಲ್ಲ, ಆದರೆ ನಿನ್ನಲ್ಲಿ ಈ ಗುಣವನ್ನು ನಾನು ಕಂಡಿದ್ದೇನೆ" ಎಂಬ ಒಂದು ಮಾತಿಗೆ ಹಣ ಬೀಳುವುದಿಲ್ಲ. ಆ ಮಾತು ಸಿಗದೆ ಮೈದಾನ ಬಿಟ್ಟು ಹೋದವರು ಬಹಳ ಮಂದಿ.

ಜೂನ್ 21ರಂದು ಧರ್ಮಸಭೆಯು ಯುವಜನರ ಪಾಲಕ ಸಂತ ಅಲೋಶಿಯಸ್ ಗೊನ್ಜಾಗರನ್ನು ಸ್ಮರಿಸುತ್ತದೆ. ಸ್ಟಾಕ್‌ಟನ್ ಓದಿದ ವಿಶ್ವವಿದ್ಯಾಲಯಕ್ಕೆ ಈ ಸಂತರದೇ ಹೆಸರು. ಅವರು ದೊಡ್ಡ ಮನೆತನದ ಹಿರಿಯ ಮಗ, ಆದರೆ ದುರ್ಬಲ ಶರೀರದವರು. ಪಿತ್ರಾರ್ಜಿತವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಯನ್ನು ಸೇರಿದರು. 1591ರಲ್ಲಿ ರೋಮಿನಲ್ಲಿ ಪಿಡುಗು ಹಬ್ಬಿದಾಗ ರೋಗಿಗಳ ಸೇವೆ ಮಾಡುತ್ತಾ, ತಾವೂ ಸೋಂಕಿಗೆ ಒಳಗಾಗಿ, 23ನೆಯ ವಯಸ್ಸಿನಲ್ಲಿ ತೀರಿಕೊಂಡರು. ಯಾವ ಅಳತೆಗೋಲು ಅವರನ್ನು ಆ ಸೇವೆಗೆ ಆರಿಸುತ್ತಿತ್ತು?

ಈ ವರ್ಷ ನಿಮ್ಮ ಮನೆಯಲ್ಲಿ ಮಕ್ಕಳನ್ನು ತೂಗುವ ಹೊತ್ತು ಬಂದಾಗ ಬೆತ್ಲೆಹೇಮಿನ ಆ ಪ್ರಶ್ನೆಯನ್ನು ನೆನಪಿಸಿಕೊಳ್ಳಿ. ಎಲ್ಲರನ್ನೂ ನೋಡಿದೆವೆಂದು ಏಳುವ ಮುನ್ನ, ಇನ್ನಾರಾದರೂ ಉಳಿದಿದ್ದಾರೆಯೇ ಎಂದು ಒಮ್ಮೆ ಕೇಳಿ. ಕುರಿಗಳ ಹಿಂದೆಯೋ, ಕಾಟಾದ ಬಳಿಯೋ ಒಬ್ಬನು ನಿಂತಿರಬಹುದು. ಅವನನ್ನು ನೋಡುವ ಕಣ್ಣನ್ನು ದೇವರು ನಿಮಗೂ ನನಗೂ ಕೊಡಲಿ.